ಊರು ಯಾವುದು ಅಂದ್ರಿ?

ಕನ್ನಡ ಸಂಘದ ಜೂನಿಯರ್ ಒಬ್ಬಳು ಮೆಸೇಜ್ ಹಾಕಿದ್ದಳು. "ಅಕ್ಕಾ, ಅಷ್ಟೊಂದು ಸ್ಟಾರ್‌ಗಳನ್ನ ಹತ್ತಿರದಿಂದ ನೋಡಿದೀರಾ, ಅದನ್ನೇ ಬರೀರಿ. ಇಂಟರ್ನಲ್ಸ್ ಟೈಮಲ್ಲಿ ಓದೋಕೆ ಚೆನ್ನಾಗಿರುತ್ತೆ." ಇಂಟರ್ನಲ್ಸ್ ಟೈಮಲ್ಲಿ ಸಿಲಬಸ್ ಬಿಟ್ಟು ಏನು ಓದಿದ್ರೂ ಚೆನ್ನಾಗಿರುತ್ತೆ ಅನ್ನೋದು ನನಗೂ ಗೊತ್ತು. ನಾನೂ ಇದೇ ಕ್ಯಾಂಪಸ್ಸಿನ ಇ ಅಂಡ್ ಸಿ, 2018ರ ಬ್ಯಾಚು. ಬರೀತೀನಿ. ಆದ್ರೆ ಸ್ಟಾರ್‌ಗಳ ಹೆಸರು ಕೇಳಬೇಡಿ. ಇನ್ನೂ ಇದೇ ಗಾಂಧಿನಗರದಲ್ಲಿ ಅನ್ನ ಹುಟ್ಟಿಸ್ಕೋಬೇಕು ನಾನು. ಯಾರು ಯಾರ ಜೊತೆ ಮಾತು ಬಿಟ್ಟಿದಾರೆ, ಯಾರ ಮದುವೆ ಯಾವಾಗ ಅನ್ನೋದೆಲ್ಲ ಬೇಕಿದ್ರೆ ನಿಮ್ಮ ಫೋನೇ ಹೇಳುತ್ತೆ, ನನಗಿಂತ ಚೆನ್ನಾಗಿ.

ನಾನು ಸಿನಿಮಾ ವರದಿಗಾರ್ತಿ ಆಗಿದ್ದು ಪ್ಲಾನ್ ಮಾಡಿ ಅಲ್ಲ. 2022ರ ಜೂನ್‌ನಲ್ಲಿ ಕೈಯಲ್ಲಿ ಒಂದು ಆಫರ್ ಲೆಟರ್ ಇತ್ತು, ಜಾಯಿನಿಂಗ್ ಡೇಟ್ ಇರಲಿಲ್ಲ. ಇಂದು ನಾಳೆ ಅಂತ ಕಂಪನಿಯವರು ಮುಂದಕ್ಕೆ ಹಾಕ್ತಾ ಹೋದ್ರು. ಊರಲ್ಲಿ ಅಪ್ಪ ಮುಸುಕಿನ ಜೋಳ ಮಾರಿದ ದುಡ್ಡಲ್ಲಿ ಎಜುಕೇಶನ್ ಲೋನಿನ ಬಡ್ಡಿ ಕಟ್ತಿದ್ರು. ಆಗ ನಮ್ಮ ಸಂಘದ ಸೀನಿಯರ್ ಒಬ್ಬರು, ಒಂದು ಡಿಜಿಟಲ್ ಚಾನೆಲ್‌ನಲ್ಲಿ ತಪ್ಪಿಲ್ಲದೆ ಕನ್ನಡ ಬರೆಯೋರು ಬೇಕಂತೆ, ಮೂರು ತಿಂಗಳು ಮಾಡು ಅಂದ್ರು. ಆ ಮೂರು ತಿಂಗಳು ಎರಡೂವರೆ ವರ್ಷ ಆಯ್ತು.

ಸೇರಿದ ಹೊತ್ತು ಮಾತ್ರ ಎಂಥದ್ದು ಅಂತೀರಿ. ಏಪ್ರಿಲ್‌ನಲ್ಲಿ 'ಕೆಜಿಎಫ್ 2' ಬಂದಾಗಿತ್ತು. ಜೂನ್‌ನಲ್ಲಿ '777 ಚಾರ್ಲಿ', ಜುಲೈನಲ್ಲಿ 'ವಿಕ್ರಾಂತ್ ರೋಣ', ಸೆಪ್ಟೆಂಬರ್ 30ಕ್ಕೆ 'ಕಾಂತಾರ'. ಅಲ್ಲೀವರೆಗೂ ಕನ್ನಡ ಸಿನಿಮಾ ಅಂದ್ರೆ ಮೂಗು ಮುರೀತಿದ್ದ ಹೊರಗಿನ ಚಾನೆಲ್‌ಗಳೆಲ್ಲ ಬೆಂಗಳೂರಿಗೆ ಕ್ಯಾಮೆರಾ ಹೊತ್ಕೊಂಡು ಬಂದ್ವು. ನಮ್ಮಂಥ ಸಣ್ಣ ಚಾನೆಲ್ಲಿನ ಹುಡುಗಿಗೂ ಸ್ಟಾರ್ ಮುಂದೆ ಕೂರೋ ಅವಕಾಶ ಸಿಕ್ತು.

ಕೂರೋದು ಅಂದ್ರೆ ಎಂಟು ನಿಮಿಷ. ಅದಕ್ಕೆ 'ಸ್ಲಾಟ್' ಅಂತಾರೆ. ಹೋಟೆಲಿನ ಒಂದು ರೂಮಲ್ಲಿ ಸ್ಟಾರ್ ಕೂತಿರ್ತಾರೆ, ಹಿಂದೆ ಪಿಕ್ಚರಿನ ಪೋಸ್ಟರ್. ಹೊರಗೆ ಕಾರಿಡಾರಲ್ಲಿ ನಾವು, ವೈವಾಗೆ ಕಾಯೋ ಥರ, ರೋಲ್ ನಂಬರ್ ಪ್ರಕಾರ. ಹೊರಗೆ ಬಂದವರನ್ನ "ಏನ್ ಕೇಳಿದ್ರಿ?" ಅಂತ ಕೇಳೋದೂ ವೈವಾ ಥರಾನೇ. ಆರನೇ ನಿಮಿಷಕ್ಕೆ ಪಿಆರ್‌ಓ ಎರಡು ಬೆರಳು ಎತ್ತುತ್ತಾರೆ, ಎಂಟಕ್ಕೆ ಎದ್ದು ನಿಲ್ತಾರೆ. ಪ್ರೆಸ್‌ಮೀಟ್ ಆದ್ರೆ ಇದೂ ಇಲ್ಲ. ಮಾಗಡಿ ರಸ್ತೆಯ ಮಾಲ್, ಇಲ್ಲಾ ಚಾಮರಾಜಪೇಟೆಯ ಕಲಾವಿದರ ಸಂಘ, ಇಲ್ಲಾ ರೇಣುಕಾಂಬ. ಮೇಜಿನ ಮೇಲೆ ಮೂವತ್ತು ಮೈಕು ತೆಂಗಿನಕಾಯಿ ರಾಶಿ ಹಾಕಿದಂಗೆ. ವೇದಿಕೆ ಮೇಲೆ ಹದಿನೈದು ಜನ, ಎಲ್ಲರೂ ಮಾತಾಡ್ತಾರೆ, ಎಲ್ಲರೂ ನಿರ್ಮಾಪಕರಿಗೆ ಥ್ಯಾಂಕ್ಸ್ ಹೇಳ್ತಾರೆ. ಆಮೇಲೆ ಊಟ. ಈ ಪಿಆರ್‌ಓ ಅನ್ನೋ ಕೆಲಸಕ್ಕೆ ಕನ್ನಡದಲ್ಲಿ ಒಂದು ಗೌರವ ತಂದವರು 'ರಾಘವೇಂದ್ರ ಚಿತ್ರವಾಣಿ'ಯ ಡಿ.ವಿ. ಸುಧೀಂದ್ರ ಅಂತ ಹಳೇ ಪತ್ರಕರ್ತರೆಲ್ಲ ಹೇಳ್ತಾರೆ. ಅವರ ಕಾಲದಲ್ಲಿ ಪತ್ರಕರ್ತರು ಶೂಟಿಂಗ್ ಸ್ಪಾಟಲ್ಲಿ ಅರ್ಧ ದಿನ ಕೂತು ಬರ್ತಿದ್ರಂತೆ. ನನ್ನ ಕಾಲದಲ್ಲಿ ಪ್ರೆಸ್ ನೋಟ್ ವಾಟ್ಸಾಪಲ್ಲಿ ಬರುತ್ತೆ, ಜೊತೆಗೆ ಏನು ಕೇಳಬಾರದು ಅನ್ನೋ ಪಟ್ಟಿ.

ಉತ್ತರಗಳೂ ಅಷ್ಟೇ. "ಇದು ಬರೀ ಸಿನಿಮಾ ಅಲ್ಲ, ಒಂದು ಜರ್ನಿ." "ಕಂಟೆಂಟೇ ಹೀರೋ." ಒಂದು ವಾರ ಕೂತು ಇಂಟರ್‌ವ್ಯೂಗಳನ್ನ ಟೈಪ್ ಮಾಡುವಾಗ 'ಜರ್ನಿ' ಎಷ್ಟು ಸಲ ಬಂತು ಅಂತ ಎಣಿಸ್ತಾ ಹೋದೆ, ನಲವತ್ತಾದ ಮೇಲೆ ಬಿಟ್ಟೆ. ನಮ್ಮ ಭಾಷೇಲಿ ಹೇಳೋದಾದ್ರೆ ಸಿಗ್ನಲ್ ಟು ನಾಯ್ಸ್ ರೇಶಿಯೋ ಮೈನಸ್ ಡೆಸಿಬಲ್‌ನಲ್ಲಿ. ಅವರದ್ದೇನೂ ತಪ್ಪಿಲ್ಲ ಬಿಡಿ. ಒಂದೇ ದಿನ ಮೂವತ್ತು ಜನ ಒಂದೇ ಪ್ರಶ್ನೆ ಕೇಳಿದ್ರೆ ನಾನಾದ್ರೂ ಇನ್ನೇನು ಹೇಳ್ತಿದ್ದೆ?

ಆದ್ರೆ ಕ್ಯಾಮೆರಾ ಆಫ್ ಆದ ಮೇಲೆ, ಮೈಕ್ ಬಿಚ್ಚೋ ಅರ್ಧ ನಿಮಿಷ ಇರುತ್ತಲ್ಲ, ಆಗ ಸುಮಾರು ಜನ ಒಂದು ಪ್ರಶ್ನೆ ವಾಪಸ್ ಕೇಳ್ತಿದ್ರು. ನನ್ನ ಕನ್ನಡದಲ್ಲಿ ಚಾಮರಾಜನಗರ ಸ್ವಲ್ಪ ಉಳಿದಿದೆ. ಅದನ್ನ ಹಿಡಿದು, "ಯಾವೂರು ಮೇಡಂ ನಿಮ್ದು?"

"ಒಡೆಯರಪಾಳ್ಯ ಸರ್."

"ಊರು ಯಾವುದು ಅಂದ್ರಿ?"

"ಕೊಳ್ಳೇಗಾಲದ ಹತ್ರ ಸರ್. ಹನೂರು ತಾಲ್ಲೂಕು. ಲೊಕ್ಕನಹಳ್ಳಿ ದಾಟಿ ಇನ್ನೂ ಒಳಕ್ಕೆ."

ಕೊಳ್ಳೇಗಾಲ ಅಂದ ತಕ್ಷಣ ಮುಖದಲ್ಲಿ ಒಂದು ಬದಲಾವಣೆ ಆಗುತ್ತೆ ನೋಡಿ. ಆಮೇಲೆ ಬರೋದು ಮೂರರಲ್ಲಿ ಒಂದು. ಅಣ್ಣಾವ್ರು. ಇಲ್ಲಾ ವೀರಪ್ಪನ್. ಇಲ್ಲಾ ಮಾಟ.

ಮಾಟದ್ದು ಮೊದಲು ಹೇಳಿಬಿಡ್ತೀನಿ. ಬೆಂಗಳೂರಿನ ಗೋಡೆ ಮೇಲೆ, ಪೇಪರಿನ ಕ್ಲಾಸಿಫೈಡಲ್ಲಿ ಜ್ಯೋತಿಷಿಗಳ ಜಾಹೀರಾತು ನೋಡಿರ್ತೀರಿ, ಅದರಲ್ಲಿ ಕೊಳ್ಳೇಗಾಲ ಅನ್ನೋ ಪದ ಇದ್ರೆ ಅದಕ್ಕೆ ಐಎಸ್‌ಐ ಮಾರ್ಕ್ ಇದ್ದಂಗೆ. ಸಿನಿಮಾದವರೂ ತಮ್ಮ ಪಾಲು ಸಲ್ಲಿಸಿದಾರೆ. ಕಾಮಿಡಿ ಸೀನಲ್ಲಿ ನಿಂಬೆಹಣ್ಣು ಹಿಡಿದ ಮಂತ್ರವಾದಿ ಬಂದ್ರೆ ಅವನು ನಮ್ಮೂರವನೇ. ರೇಷ್ಮೆಗೆ ಹೆಸರಾದ ಊರು ಅದು. ಇ ಅಂಡ್ ಇ ಅವರು ಓದಿರ್ತೀರಿ, 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯ್ತಲ್ಲ, ಆ ಶಿವನಸಮುದ್ರದ ಹೊಳೆ ದಾಟಿದ್ರೆ ನಮ್ಮ ತಾಲ್ಲೂಕು. ಅದು ಯಾರಿಗೂ ನೆನಪಾಗಲ್ಲ, ನಿಂಬೆಹಣ್ಣು ನೆನಪಾಗುತ್ತೆ.

ಒಬ್ಬ ಹೀರೋ ಇದ್ರು. ಅವರ ಕಟೌಟಿಗೆ ಹಾಲೆರೆಯೋರನ್ನ ನಾನು ಕಣ್ಣಾರೆ ನೋಡಿದೀನಿ. ಸ್ಲಾಟ್ ಮುಗಿದ ಮೇಲೆ ಇದೇ ಪ್ರಶ್ನೆ, ಇದೇ ಉತ್ತರ. ಅವರು ಪಿಆರ್‌ಓನ ಹೊರಗೆ ಕಳಿಸಿ, ದನಿ ತಗ್ಗಿಸಿ ಕೇಳಿದ್ರು. "ಮೇಡಂ, ತಮಾಷೆ ಅಲ್ಲ. ಅಲ್ಲಿ ಯಾರಾದ್ರೂ ನಿಜವಾದವರು ಗೊತ್ತಾ? ಪಿಕ್ಚರ್ ಮೂರು ಸಲ ಪೋಸ್ಟ್‌ಪೋನ್ ಆಯ್ತು. ಯಾರೋ ಏನೋ ಮಾಡಿಸಿದಾರೆ ಅನ್ನಿಸ್ತಿದೆ."

ನಾನು ನಕ್ಕುಬಿಡ್ತಿದ್ದೆ, ಅವರ ಕಣ್ಣು ನೋಡಿ ನಿಲ್ಲಿಸ್ಕೊಂಡೆ. "ಸರ್, ನಮ್ಮೂರಲ್ಲಿ ಒಬ್ರು ತಾತ ಇದಾರೆ. ಹಸು ಕರೆಯೋಕೆ ಬಿಡದಿದ್ರೆ ಬೂದಿ ಮಂತ್ರಿಸಿ ಕೊಡ್ತಾರೆ. ಅಷ್ಟೇ ಗೊತ್ತು."

"ನಂಬರ್ ಇದ್ಯಾ?"

ನಿಜವಾಗ್ಲೂ ಕೇಳಿದ್ರು. ತಾತನ ಹತ್ರ ಫೋನಿಲ್ಲ ಅಂದೆ, ಅದೂ ನಿಜವೇ. ಆವತ್ತು ರೂಮಿಗೆ ಬಂದು ಫ್ರೆಂಡ್ಸ್ ಹತ್ರ ಹೇಳ್ಕೊಂಡು ಬಿದ್ದು ಬಿದ್ದು ನಕ್ಕಿದ್ದೂ ಉಂಟು. ಆದ್ರೆ ಆ ಶುಕ್ರವಾರ ಬೆಳಗಿನ ಆಟಕ್ಕೆ ಥಿಯೇಟರ್ ಹತ್ರ ನಿಂತಾಗ ನಗು ಬರಲಿಲ್ಲ. ಎರಡು ವರ್ಷದ ಕೆಲಸ, ಸಾಲ ತಂದ ನಿರ್ಮಾಪಕರ ದುಡ್ಡು, ಎಲ್ಲದರ ರಿಸಲ್ಟ್ ಮಧ್ಯಾಹ್ನದ ಒಳಗೆ. ಇಂಟರ್ವಲ್‌ನಲ್ಲಿ ಹೊರಗೆ ಬಂದ ಹುಡುಗ ಯೂಟ್ಯೂಬರ್ ಮೈಕಿಗೆ "ವೇಸ್ಟ್ ಗುರೂ" ಅಂದ್ರೆ ಸಂಜೆ ಆಟಕ್ಕೆ ಸೀಟು ಖಾಲಿ. ವಿಟಿಯು ರಿಸಲ್ಟಿಗೆ ರೀವ್ಯಾಲ್ಯುಯೇಶನ್ ಆದ್ರೂ ಇದೆ. ಹಾಲೆರೆಸಿಕೊಳ್ಳೋ ಮನುಷ್ಯ ಗುರುವಾರ ರಾತ್ರಿ ಬೂದಿ ಕೇಳೋದು ನನಗೆ ಆಮೇಲೆ ವಿಚಿತ್ರ ಅನ್ನಿಸಲಿಲ್ಲ.

ಒಬ್ಬ ಹೀರೋಯಿನ್ ಮಾತ್ರ ಊರು ಕೇಳಲಿಲ್ಲ, ಡಿಗ್ರಿ ಕೇಳಿದ್ಲು. ಬಿ.ಇ. ಅಂದೆ. ಪಕ್ಕದಲ್ಲಿದ್ದ ಅಮ್ಮನ ಕಡೆ ಒಂದು ಸಲ ನೋಡಿ, ಮೆತ್ತಗೆ, "ಎಂ-3 ಕ್ಲಿಯರ್ ಆಯ್ತಾ ನಿಮ್ದು?" ಅಂದ್ಲು. ಆಯ್ತು ಅಂದೆ. "ಲಕ್ಕಿ. ನಂದು ಇನ್ನೂ ಇದೆ." ಮೂರನೇ ಸೆಮಿಸ್ಟರಲ್ಲಿ ಸಿನಿಮಾ ಸಿಕ್ಕಿ ಕಾಲೇಜು ಬಿಟ್ಟವಳು. ಹೋರ್ಡಿಂಗ್ ಮೇಲೆ ಅವಳ ಮುಖ ನೋಡಿದಾಗೆಲ್ಲ ನನಗೆ ಫೂರಿಯರ್ ಸೀರೀಸ್ ನೆನಪಾಗುತ್ತೆ.

ಇನ್ನು ಅಣ್ಣಾವ್ರು. ಡಾ. ರಾಜ್‌ಕುಮಾರ್ ತೀರಿಕೊಂಡಿದ್ದು 2006ರ ಏಪ್ರಿಲ್ 12ಕ್ಕೆ, ನನಗಾಗ ಆರು ವರ್ಷ. ಅವರನ್ನ ನಾನು ನೋಡೇ ಇಲ್ಲ. ಆದ್ರೆ ನಮ್ಮ ಕಡೆಯವರಿಗೆ ಅವರು 'ಸೆಲೆಬ್ರಿಟಿ' ಅಲ್ಲ, ಸಂಬಂಧಿಕರು. ಹೆಸರಿನ ಮುಂದಿರೋ 'ಎಸ್' ಅಂದ್ರೆ ಸಿಂಗಾನಲ್ಲೂರು, ಅದು ನಮ್ಮ ಸೀಮೆಯ ಊರು. ಗಾಜನೂರು ತಾಳವಾಡಿ ಕಡೆ, ಈಗ ತಮಿಳುನಾಡಿಗೆ ಸೇರಿದ್ದು. ಹುಟ್ಟೂರು ನಮ್ದು ಅಂತ ಇವರೂ ಅಂತಾರೆ, ಅವರೂ ಅಂತಾರೆ. 1956ಕ್ಕೆ ಮುಂಚೆ ಎರಡೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಯೇ, ಜಗಳಕ್ಕೆ ಅರ್ಥ ಇಲ್ಲ. ಮುತ್ತುರಾಜ ಅನ್ನೋ ಹುಡುಗ ನಾಟಕದ ಅಪ್ಪನ ಹಿಂದೆ ಗುಬ್ಬಿ ಕಂಪನಿ ಸೇರಿ, 1954ರಲ್ಲಿ 'ಬೇಡರ ಕಣ್ಣಪ್ಪ' ಮಾಡಿ, 1995ಕ್ಕೆ ಫಾಲ್ಕೆ ಪ್ರಶಸ್ತಿ ತಗೊಂಡ ಕಥೆ ನಮ್ಮಜ್ಜಿ ಹೇಳೋ ರೀತಿ ಕೇಳಿದ್ರೆ ಅದು ನಮ್ಮ ಚಿಕ್ಕಪ್ಪನ ಕಥೆ ಅನ್ಕೋಬೇಕು. ನಾನು ಫೋನ್ ಮಾಡಿದಾಗೆಲ್ಲ ಅಜ್ಜಿಯದು ಒಂದೇ ಪ್ರಶ್ನೆ. "ಅಣ್ಣಾವ್ರ ಮಕ್ಳ ಕಂಡ್ಯಾ ಮೊಗ?" ಶಿವಣ್ಣನ ಪ್ರೆಸ್‌ಮೀಟಲ್ಲಿ ಮೂರನೇ ಸಾಲಲ್ಲಿ ಇದ್ದೆ ಅಜ್ಜಿ, ನನ್ನ ಮೈಕೂ ಅಲ್ಲಿತ್ತು ಅಂದೆ. "ಮಾತಾಡುಸ್ಲಿಲ್ವಾ? ನಮ್ಮೂರ ಕಡೆಯವ್ಳು ಅನ್ನಬೇಕಾಗಿತ್ತು ಕನ" ಅಂದ್ಲು. ಮೂವತ್ತು ಮೈಕಿನ ಲೆಕ್ಕ ಅವಳಿಗೆ ಹೇಗೆ ಹೇಳೋದು?

2022ರ ಅಕ್ಟೋಬರ್ ಕೊನೇಲಿ, ಅಪ್ಪು ತೀರಿಕೊಂಡು ವರ್ಷ ಆಗೋ ಹಿಂದಿನ ದಿನ, 'ಗಂಧದ ಗುಡಿ' ಬಂತು. ಆ ವಾರ ರಜೆ ಹಾಕಿ ಅಜ್ಜೀನ ಕೊಳ್ಳೇಗಾಲಕ್ಕೆ ಕರ್ಕೊಂಡು ಹೋಗಿ ತೋರಿಸಿದೆ. ಪೂರ್ತಿ ಕಾಡೇ ಇರೋ ಸಿನಿಮಾ. ಅಜ್ಜಿ ಕಾಡಿನ ಕಡೆ ನೋಡಲೇ ಇಲ್ಲ. ಕಾಡು ನೋಡೋಕೆ ದುಡ್ಡು ಕೊಡೋ ಜನ ಅಲ್ಲ ನಾವು. ಆ ಹುಡುಗನ ಮುಖ ಮಾತ್ರ ನೋಡ್ತಾ ಸೆರಗಲ್ಲಿ ಕಣ್ಣು ಒರೆಸ್ಕೊಳ್ತಿದ್ಲು.

ಮೂರನೇದು ಬಾಕಿ ಇದೆ. ಅದಕ್ಕೆ ಮುಂಚೆ ಒಬ್ಬ ಹಿರಿಯ ಪೋಷಕ ನಟರ ಬಗ್ಗೆ ಹೇಳಬೇಕು. ನಿಮಗೆ ಹೆಸರು ಗೊತ್ತಿರಲಿಕ್ಕಿಲ್ಲ, ಮುಖ ನೋಡಿದ್ರೆ ಮಾತ್ರ "ಓ ಇವ್ರಾ" ಅಂತೀರಿ. ಹೀರೋಯಿನ್ ತಂದೆ, ಜಡ್ಜು, ಮೇಷ್ಟ್ರು, ಊರ ಗೌಡ, ನೂರಾರು ಸಿನಿಮಾ. ಒಂದು ಮುಹೂರ್ತದ ದಿನ ದೇವಸ್ಥಾನದ ಹೊರಗೆ ಟೀ ಗಾಡಿ ಹತ್ರ ಒಬ್ಬರೇ ನಿಂತಿದ್ರು. ಯಾವ ಮೈಕೂ ಅವರ ಹತ್ರ ಹೋಗಿರಲಿಲ್ಲ. ನಾನು ಹೋಗಿದ್ದೂ ಬೈಟ್‌ಗೆ ಅಲ್ಲ, ಟೀಗೆ. ಅವರೇ ಕೇಳಿದ್ರು. "ಏನಮ್ಮಾ, ಯಾವೂರು?"

"ಒಡೆಯರಪಾಳ್ಯ ಸರ್."

"ಟಿಬೆಟ್ ಕ್ಯಾಂಪು."

ಎರಡೂವರೆ ವರ್ಷದಲ್ಲಿ ಊರು ಯಾವುದು ಅಂತ ಎರಡನೇ ಸಲ ಕೇಳದೇ ಇದ್ದ ಒಬ್ಬರೇ ಒಬ್ಬರು ಅವರು. ಹೌದು, ನಮ್ಮೂರಿನ ಗುರುತು ಅದೇ. ಎಪ್ಪತ್ತರ ದಶಕದಲ್ಲಿ ಟಿಬೆಟಿನ ನಿರಾಶ್ರಿತರು ಬಂದು ನೆಲೆಸಿದ ಧೋಂಡೆನ್‌ಲಿಂಗ್ ಅಲ್ಲೇ ಇರೋದು. ಝೋಗ್‌ಚೆನ್ ಮಠ ಇದೆ, ದಲೈ ಲಾಮಾ ಬಂದು ಹೋಗಿದಾರೆ. ಸ್ಕೂಲಲ್ಲಿ ಇದ್ದಾಗ ಜಗತ್ತಿನ ಅತಿ ದೊಡ್ಡ ವಿಐಪಿ ನಮ್ಮೂರಿಗೆ ಬರ್ತಾರೆ ಅಂತ ಬೀಗ್ತಿದ್ವಿ. ಅಲ್ಲಿನವರೂ ಜೋಳವೇ ಬೆಳೀತಾರೆ, ಚಳಿಗಾಲದಲ್ಲಿ ಸ್ವೆಟರ್ ಮಾರೋಕೆ ಊರೂರಿಗೆ ಹೋಗ್ತಾರೆ. ಈ ನಟರು ಯಾವಾಗಲೋ ನಾಟಕದ ತಂಡದ ಜೊತೆ ಆ ಕಡೆ ಬಂದಿದ್ರಂತೆ. "ಜೋಳದ ಹೊಲದ ಮಧ್ಯೆ ಬಣ್ಣ ಬಣ್ಣದ ಬಾವುಟ, ಎಲ್ಲಿಗೆ ಬಂದೆ ಅಂತಲೇ ಗೊತ್ತಾಗ್ಲಿಲ್ಲ ಕಣಮ್ಮ" ಅಂದ್ರು.

ಆಮೇಲೆ ಅವರು 2000ದ ಮಾತು ಎತ್ತಿದ್ರು. ನಿಮ್ಮಲ್ಲಿ ಬಹಳ ಜನ ಹುಟ್ಟೋಕೆ ಮುಂಚಿನ ಕಥೆ, ಅದಕ್ಕೆ ಹೇಳ್ತೀನಿ. ಆ ವರ್ಷ ಜುಲೈ 30ರ ರಾತ್ರಿ ದೊಡ್ಡ ಗಾಜನೂರಿನ ಮನೆಯಿಂದ ವೀರಪ್ಪನ್ ರಾಜ್‌ಕುಮಾರ್ ಅವರನ್ನ ಅಪಹರಿಸಿದ. ಜೊತೆಗೆ ಅಳಿಯ ಗೋವಿಂದರಾಜು, ನಾಗೇಶ್, ನಾಗಪ್ಪ ಮಾರಡಗಿ. ಬಿಟ್ಟಿದ್ದು ನವೆಂಬರ್ 15ಕ್ಕೆ. 108 ದಿನ. ಬೆಂಗಳೂರು ಹೊತ್ತಿ ಉರೀತು, ಥಿಯೇಟರ್ ಬಾಗಿಲು ಹಾಕಿದ್ವು, ಶೂಟಿಂಗ್ ನಿಂತ್ವು. ಇಷ್ಟು ಎಲ್ಲರೂ ಹೇಳೋದೇ. ಈ ನಟರು ಹೇಳಿದ್ದು ಬೇರೆ.

"ನಾವಾಗ ದಿನಗೂಲಿ ಲೆಕ್ಕದ ನಟರು ಕಣಮ್ಮ. ಶೂಟಿಂಗ್ ಇದ್ರೆ ಬ್ಯಾಟಾ, ಇಲ್ದಿದ್ರೆ ಇಲ್ಲ. ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿ ಅಣ್ಣಾವ್ರು ಬರ್ಲಪ್ಪ ಅಂತ ಕೈ ಮುಗಿಯೋದು, ಹಾಗೇ ಬರ್ತಾ ದಿನಸಿ ಅಂಗಡಿಯವನ ಕಣ್ಣು ತಪ್ಪಿಸ್ಕೊಂಡು ಮನೆ ಸೇರೋದು. ಎರಡರಲ್ಲಿ ಯಾವ ಚಿಂತೆ ದೊಡ್ಡದು ಅಂತ ನನ್ನ ಹೆಂಡತಿ ಕೇಳಿದ್ಲು. ಹೇಳೋಕೆ ನಾಚ್ಕೆ ಆಯ್ತು."

ಅಷ್ಟರಲ್ಲಿ ಯಾರೋ ಕರೆದ್ರು, ಗ್ರೂಪ್ ಫೋಟೋಗೆ ಹೋದ್ರು. ನಾನು ಅದನ್ನ ರೆಕಾರ್ಡ್ ಮಾಡಿರಲಿಲ್ಲ. ರೂಮಿಗೆ ಬಂದ ಮೇಲೆ ನೆನಪಿದ್ದಷ್ಟು ಬರೆದಿಟ್ಟೆ. ಬೇರೆ ಎಲ್ಲಾ ಸೇರಿ ನೂರಕ್ಕೆ ಹತ್ತಿರ ಇಂಟರ್‌ವ್ಯೂ ಮಾಡಿರಬಹುದು, ಯಾವುದಕ್ಕೂ ಹಾಗೆ ಮಾಡಿಲ್ಲ.

ಈ ಮಧ್ಯೆ ಕಂಪನಿಯಿಂದ ಜಾಯಿನಿಂಗ್ ಮೇಲ್ ಬಂತು, 2023ರ ಫೆಬ್ರವರಿಯಲ್ಲಿ. ಪ್ಯಾಕೇಜು ನನ್ನ ಚಾನೆಲ್ ಸಂಬಳದ ಎರಡರಷ್ಟು. ಅಪ್ಪನಿಗೆ ಫೋನ್ ಮಾಡಿ ಹೋಗಲ್ಲ ಅಂದೆ. ಅಪ್ಪ ಬೈಯಲಿಲ್ಲ. "ಲೋನು ಇನ್ನ ಎಷ್ಟ್ ಅದೆ ಗೊತ್ತಲ್ಲ" ಅಂತ ಅಷ್ಟೇ ಅಂದು ಫೋನ್ ಅಮ್ಮನ ಕೈಗೆ ಕೊಟ್ರು. ಆಮೇಲೆ ಎರಡು ತಿಂಗಳು ನಾನು ಫೋನ್ ಮಾಡಿದಾಗೆಲ್ಲ ಅಪ್ಪ ಹೊಲದಲ್ಲೇ ಇರ್ತಿದ್ರು, ರಾತ್ರಿ ಒಂಬತ್ತಕ್ಕೂ. ನಾನು ಸಂಬಳದಲ್ಲಿ ಅರ್ಧ ಕಳಿಸ್ತಾ ಹೋದೆ. ಹೀರೋಗಳ ಇಂಟರ್‌ವ್ಯೂ ಲಿಂಕ್ ಕಳಿಸಿದ್ರೆ ನೀಲಿ ಟಿಕ್ ಬೀಳ್ತಿತ್ತು, ಉತ್ತರ ಬರ್ತಿರಲಿಲ್ಲ.

ಆ ವರ್ಷ ಆಗಸ್ಟ್ 4ಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ 'ದಿ ಹಂಟ್ ಫಾರ್ ವೀರಪ್ಪನ್' ಬಂತು, ನಾಲ್ಕು ಎಪಿಸೋಡು. ಮತ್ತೆ ಎಲ್ಲೆಲ್ಲೂ ಮೀಸೆ. ಅದಕ್ಕೂ ಮುಂಚೆ 2013ರಲ್ಲಿ 'ಅಟ್ಟಹಾಸ' ಬಂದಿತ್ತು, ಕಿಶೋರ್ ವೀರಪ್ಪನ್ ಆಗಿ ಮಾಡಿದ್ದು. 2016ರಲ್ಲಿ ರಾಮ್‌ಗೋಪಾಲ್ ವರ್ಮಾ 'ಕಿಲ್ಲಿಂಗ್ ವೀರಪ್ಪನ್' ಮಾಡಿದ್ರು, ಅದರಲ್ಲಿ ಅವನನ್ನ ಹಿಡಿಯೋ ಪೊಲೀಸ್ ಅಧಿಕಾರಿ ಶಿವಣ್ಣ. ಅಪಹರಣ ಆದವರ ಮಗನೇ ಆ ಪಾತ್ರ ಮಾಡಿದ್ದು ಯೋಚಿಸಿದ್ರೆ ಈಗಲೂ ಏನೋ ಆಗುತ್ತೆ. ಇದೇ ಥರದ ಕಾಡಿನ ಕಥೆ ಇರೋ ಒಂದು ಸೀರೀಸಿಗೆ ಪೊಲೀಸ್ ಪಾತ್ರ ಮಾಡಿದ್ದ ನಟರೊಬ್ಬರು ಆ ಸಮಯದಲ್ಲಿ ಸ್ಲಾಟಿಗೆ ಸಿಕ್ಕಿದ್ರು. "ನಿಮ್ಮ ಕಾಡು ಭಯಂಕರ ಮೇಡಂ, ರಾತ್ರಿ ಶೂಟ್ ಮಾಡುವಾಗ ಮೈ ಜುಮ್ಮಂತಿತ್ತು" ಅಂದ್ರು. ಎಲ್ಲಿ ಸರ್ ಶೂಟ್ ಮಾಡಿದ್ದು ಅಂದೆ. ಕೇರಳದಲ್ಲಂತೆ.

ಆ ವಾರ ನಮ್ಮ ಡೆಸ್ಕಿನಿಂದ ಫೋನು. "ನಿಂದೇ ಊರಲ್ವಾ? ಹೋಗಿ ಯಾರಾದ್ರೂ ವಯಸ್ಸಾದವರನ್ನ ಮಾತಾಡಿಸ್ಕೊಂಡು ಬಾ. ಅವನನ್ನ ನೋಡಿದವರು, ಅವನಿಗೆ ಅನ್ನ ಹಾಕಿದವರು. ಒಂದು ನಿಮಿಷದ್ದು ಐದು ರೀಲ್ ಸಾಕು. ಸ್ವಲ್ಪ ಬಿಲ್ಡಪ್ ಇರಲಿ."

ಬಸ್ ಹತ್ತಿದೆ. ಮನೇಲಿ ಅಪ್ಪ ಎದುರಿಗೇ ಸಿಕ್ಕಿದ್ರು, ತಪ್ಪಿಸ್ಕೊಳ್ಳೋಕೆ ಆಗಲಿಲ್ಲ. ಯಾಕೆ ಬಂದೆ ಅಂತ ಹೇಳಿದೆ. "ಇದಕ್ಕೂ ಸಂಬಳ ಕೊಟ್ಟಾರಾ?" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಅಜ್ಜೀನೇ ಕೇಳು. ಊರ ಮೇಲೆ ಹೋಗ್ಬ್ಯಾಡ" ಅಂದ್ರು.

ರಾತ್ರಿ ಇಟ್ಟು ಎಸ್ರು ಉಂಡ ಮೇಲೆ ಜಗುಲಿ ಮೇಲೆ ಫೋನಿಟ್ಟು ಅಜ್ಜೀನ ಕೇಳಿದೆ. ಅಣ್ಣಾವ್ರಿಗೋಸ್ಕರ ಮಾದಪ್ಪನಿಗೆ ಹರಕೆ ಕಟ್ಟಿದ್ದು, ರೇಡಿಯೋದಲ್ಲಿ ಬಿಡುಗಡೆ ಸುದ್ದಿ ಬಂದ ದಿನ ಬೀದಿಯವರಿಗೆಲ್ಲ ಬೆಲ್ಲ ಹಂಚಿದ್ದು, ಇದನ್ನ ಐದು ನಿಮಿಷದಲ್ಲಿ ಮುಗಿಸಿಬಿಟ್ಲು. ನಾನು ಅದೇ ದೊಡ್ಡ ಕಥೆ ಅನ್ಕೊಂಡು ಬಂದಿದ್ದು. ಅವಳು ಹೇಳೋಕೆ ಶುರು ಮಾಡಿದ್ದು ನಾಗಪ್ಪನವರ ಕಥೆ. ಮಾಜಿ ಮಂತ್ರಿ ಎಚ್. ನಾಗಪ್ಪ, ಇಲ್ಲೇ ಕಾಮಗೆರೆಯವರು. 2002ರ ಆಗಸ್ಟ್ 25ಕ್ಕೆ ಅವರನ್ನೂ ವೀರಪ್ಪನ್ ಹೊತ್ಕೊಂಡು ಹೋದ. ಡಿಸೆಂಬರ್ 8ಕ್ಕೆ ಕಾಡಲ್ಲಿ ಹೆಣ ಸಿಕ್ತು. "ಒಬ್ರು ಬಂದ್ರು, ಒಬ್ರು ಬರ್ಲಿಲ್ಲ ಕನ ಮೊಗ" ಅಂದ್ಲು. ಬಂದವರ ದಿನಗಳನ್ನ ಕರ್ನಾಟಕ ಇವತ್ತಿಗೂ ಬಾಯಿಪಾಠ ಹೇಳುತ್ತೆ. ಬರದವರದ್ದು ಎಷ್ಟು ದಿನ ಅಂತ ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಾ? ನಾನೂ ಬಸ್ಸಲ್ಲಿ ವಾಪಸ್ ಬರ್ತಾ ಬೆರಳಲ್ಲಿ ಎಣಿಸಿದ್ದು.

ಆಮೇಲೆ ಗೋಪಿನಾಥಂನ ಶ್ರೀನಿವಾಸ್ ಅವರ ಮಾತು ಬಂತು. 1991ರಲ್ಲಿ ಶರಣಾಗ್ತೀನಿ ಅಂತ ನಂಬಿಸಿ ಕರೆಸಿ ವೀರಪ್ಪನ್ ಕೊಂದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್. ಆ ಊರಲ್ಲಿ ಅವರು ಕಟ್ಟಿಸಿಕೊಟ್ಟ ಮಾರಮ್ಮನ ಗುಡಿ ಇದೆ, ಜನ ಇವತ್ತಿಗೂ ಅವರನ್ನ ದೇವರ ಥರ ನೆನೀತಾರೆ. ಆಮೇಲೆ ಪೊಲೀಸು ಮತ್ತು ಅವನ ನಡುವೆ ಸಿಕ್ಕಿಹಾಕಿಕೊಂಡ ಜನ. ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ಮಾಡಿ, ಕೊನೆಗೆ 2007ರಲ್ಲಿ 89 ಜನಕ್ಕೆ 2.80 ಕೋಟಿ ಪರಿಹಾರ ಅಂತ ಹೇಳ್ತು. ಅದೆಲ್ಲ ನಾನು ಆಮೇಲೆ ಓದಿದ್ದು. ಅಜ್ಜಿ ಹೇಳಿದ್ದು ಅಂಕಿ ಅಲ್ಲ, ಹೆಸರು. ಆ ಹೆಂಗಸು, ಅವಳ ಗಂಡ, ಅವರ ಹಟ್ಟಿ. ಅದರಲ್ಲಿ ಕೆಲವರು ಈಗಲೂ ಸಂತೇಲಿ ಸಿಗ್ತಾರೆ. ನಾನು ಚಿಕ್ಕವಳಿದ್ದಾಗ ಅವರ ಕೈಯಿಂದ ಕಡ್ಲೆಪುರಿ ಈಸ್ಕೊಂಡು ತಿಂದಿದೀನಿ.

41 ನಿಮಿಷ ರೆಕಾರ್ಡ್ ಆಯ್ತು. ಮುಗಿದ ಮೇಲೆ ಅಜ್ಜಿ ಕೇಳಿದ್ಲು. "ಇದ ಸಿನಿಮಾದವ್ರ್ಗೆ ಕೊಟ್ಟಯಾ?"

ಡೆಸ್ಕಿಗೆ ಆಡಿಯೋ ಕೊಡಲಿಲ್ಲ. ಹೆಸರುಗಳಿವೆ, ಬದುಕಿರೋ ಜನ, ಕೊಡೋಕಾಗಲ್ಲ ಅಂದೆ. ಬೀಪ್ ಹಾಕೋಣ ಅಂದ್ರು. ಬೀಪ್ ಹಾಕಿದ್ರೆ ನಮ್ಮೂರವರಿಗೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ ಸರ್ ಅಂದೆ. ಅದರ ಬದಲು ನಾಗಪ್ಪ, ಶ್ರೀನಿವಾಸ್, ಸದಾಶಿವ ಸಮಿತಿ, ಹೀಗೆ ಎಲ್ಲರಿಗೂ ಗೊತ್ತಿರಬೇಕಾದ ಸಂಗತಿ ಇಟ್ಕೊಂಡು ಒಂದು ಬರಹ ಮಾಡಿ ಕೊಟ್ಟೆ. ಕೊನೇಲಿ, ಹೆಸರು ಹಾಕದೆ, ಆ ಹಿರಿಯ ನಟರ ಬ್ಯಾಟಾದ ಮಾತನ್ನೂ ಸೇರಿಸಿದ್ದೆ. ಅವರಿಗೆ ಫೋನ್ ಮಾಡಿ ಕೇಳಿಯೇ. "ಹಾಕ್ಕೋ ಕಣಮ್ಮ, ನನ್ನ ಹೆಂಡತಿ ಓದ್ತಾಳೆ" ಅಂದ್ರು. ಬರಹ ಬಂತು. ಥಂಬ್‌ನೇಲಲ್ಲಿ ಮೀಸೆ ಹಾಕಿದ್ರು, ಅದನ್ನ ತಡೆಯೋಕೆ ನನ್ನ ಕೈಲಿ ಆಗಲಿಲ್ಲ. ಆ ತಿಂಗಳು ನಾನು ಮಾಡಿದ್ದರಲ್ಲೇ ಅತಿ ಕಡಿಮೆ ಜನ ನೋಡಿದ್ದು ಅದು. ಅದೇ ದಿನ ಹಾಕಿದ ಹೀರೋ ಒಬ್ಬರ ಹೊಸ ಹೇರ್‌ಸ್ಟೈಲ್ ವಿಡಿಯೋ ಎಷ್ಟು ಓಡ್ತು ಅಂತ ಹೇಳೋಕೆ ನನಗೆ ಬೇಜಾರು.

ಆದ್ರೆ ಅಪ್ಪನ ವಾಟ್ಸಾಪಿಂದ ಮೊದಲ ಸಲ ಉತ್ತರ ಬಂತು. ಅಪ್ಪನಿಗೆ ಟೈಪ್ ಮಾಡೋಕೆ ಬರಲ್ಲ, ವಾಯ್ಸ್ ಮೆಸೇಜು. "ಓದ್ದೆ. ಕಾಮಗೆರೆ ವಿಷ್ಯ ಸರಿಯಾಗ್ ಬರ್ದಿದ್ದಯ." ಅಷ್ಟೇ, ಆರು ಸೆಕೆಂಡು. ಹಿಂದೆ ಟ್ರ್ಯಾಕ್ಟರ್ ಸದ್ದು.

ಈಗ ನಾನು ಬೇರೆ ಕಡೆ ಇದೀನಿ, ಸಿನಿಮಾ ಪುಟಕ್ಕೇ. ಸ್ಲಾಟ್ ಇನ್ನೂ ಎಂಟೇ ನಿಮಿಷ. ಒಂದು ಬದಲಾವಣೆ ಮಾಡ್ಕೊಂಡಿದೀನಿ. ಸ್ಟಾರ್ ಕೇಳೋಕೆ ಮುಂಚೆ, ಕ್ಯಾಮೆರಾ ಆನ್ ಆಗೋ ಮೊದಲೇ, ನಾನೇ ಕೇಳ್ತೀನಿ, "ಸರ್, ಯಾವೂರು ನಿಮ್ದು?" ವಿಕಿಪೀಡಿಯಾದಲ್ಲಿ ಇರುತ್ತೆ, ಗೊತ್ತಿದ್ದೂ ಕೇಳ್ತೀನಿ. ಒಬ್ಬೊಬ್ಬರು ಬೆಂಗಳೂರು ಅಂತ ಮುಗಿಸ್ತಾರೆ. ಒಬ್ಬೊಬ್ಬರು ಊರ ಹೆಸರು ಹೇಳಿ, ಅಲ್ಲಿನ ಕೆರೆ, ಬಸ್‌ಸ್ಟ್ಯಾಂಡಿನ ಹೋಟ್ಲು, ಮಾರಿಹೋದ ಮನೆ ಅಂತ ಶುರು ಮಾಡಿ, ಪಿಆರ್‌ಓ ಬೆರಳು ಎತ್ತೋವರೆಗೂ ಸಿನಿಮಾ ವಿಷಯಕ್ಕೇ ಬರಲ್ಲ. ಎಡಿಟರ್ ಬೈತಾರೆ.

ಅಜ್ಜಿಯ ಆಡಿಯೋ ನನ್ನ ಫೋನಲ್ಲೇ ಇದೆ, ಒಂದು ಕಾಪಿ ಅಪ್ಪನ ಹತ್ರ. ಅದರಲ್ಲಿ ಹನ್ನೆರಡನೇ ನಿಮಿಷಕ್ಕೆ ಕ್ಯಾಂಪಿನ ಕಡೆಯಿಂದ ನಾಯಿ ಬೊಗಳುತ್ತೆ. ಅಜ್ಜಿ ಮಾತು ನಿಲ್ಲಿಸ್ತಾಳೆ. ಸುಮಾರು ಹೊತ್ತು ಏನೂ ಕೇಳಿಸಲ್ಲ. ಆಮೇಲೆ ಮೆತ್ತಗೆ, "ಯಾರಾ ಬಂದ್ರು ನೋಡು" ಅಂತಾಳೆ. ಯಾರೂ ಇಲ್ಲ ಅಜ್ಜಿ ಅಂತ ನನ್ನ ದನಿ. "ದೀಪ ಆರ್ಸು ಒಂಚೂರು" ಅಂತಾಳೆ.